ಎಮ್ಮೆ ಬಿಟ್ಟ ರಸಮೇವು ಟಗರಿಗೆ ಬೇಡ

ಹಾವೇರಿ, ಗದಗ ಸೀಮೆಯಲ್ಲಿ ಎಮ್ಮೆಗೆಂದು ರಸಮೇವು (ಹಸಿಮೇವನ್ನು ಕತ್ತರಿಸಿ ಗಾಳಿಯಾಡದಂತೆ ಕಟ್ಟಿಟ್ಟು ಹುಳಿಸಿದ ಮೇವು, ಸೈಲೇಜ್) ಮಾಡಿಟ್ಟವರು ಬಕ್ರೀದ್‌ಗೆ ಮೇಯಿಸುವ ಟಗರಿಗೂ ಅದನ್ನೇ ಹಾಕಬಹುದು. ಆದರೆ ಎಮ್ಮೆ ಮೂಸಿ ಬಿಟ್ಟದ್ದು, ಚೀಲದ ಬಾಯಲ್ಲಿ ಬೂಷ್ಟು ಹಿಡಿದದ್ದು ಟಗರಿನ ಗೋದಲಿಗೆ ಬಿತ್ತೆಂದರೆ ತೊಂದರೆ. ಗಾಳಿ ಹೊಕ್ಕು ಹುಳಿ ಕಡಿಮೆಯಾದ ರಸಮೇವಿನಲ್ಲಿ ಲಿಸ್ಟೀರಿಯಾ ಎಂಬ ಸೂಕ್ಷ್ಮಾಣು ಬೆಳೆಯುತ್ತದೆ. ದನಕ್ಕಿಂತ ಕುರಿಗೇ ಅದರ ಕಾಟ ಹೆಚ್ಚು. ಒಂದು ಕಿವಿ ಜೋಲುತ್ತದೆ, ತುಟಿ ಸೊಟ್ಟಗಾಗಿ ಜೊಲ್ಲು ಸುರಿಯುತ್ತದೆ, ಟಗರು ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ. ಕೆಟ್ಟ ಮೇವು ತಿಂದು ವಾರಗಳಾದ ಮೇಲೆ ಇದು ಕಾಣುವುದರಿಂದ ಮೇವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ದಿನವೇ ಪಶುವೈದ್ಯರನ್ನು ಕರೆಸಿದರೆ ಉಳಿಯಬಹುದು. ನೆಲ ಹಿಡಿದ ಮೇಲೆ ಕಷ್ಟ.

ಗೋವಿನಜೋಳದ ರಸಮೇವು ತಾನಾಗಿ ಹುಳಿಯುತ್ತದೆ. ನೇಪಿಯರ್ ಹುಲ್ಲು ಹಾಗಲ್ಲ: ಸಕ್ಕರೆ ಕಡಿಮೆ, ನೀರು ಜಾಸ್ತಿ. ಧಾರವಾಡದಲ್ಲೇ ಅಭಿವೃದ್ಧಿಯಾದ ಡಿಎಚ್‌ಎನ್-6 ಇರಲಿ, ಬೇರೆ ತಳಿ ಇರಲಿ, ಸುಮಾರು 45 ದಿನಕ್ಕೆ ಕೊಯ್ದು ಅರ್ಧ ದಿನ ಬಾಡಿಸಿ. ಒಂದಿಂಚಿಗೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಬಾರದು, ಉಂಡೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. 100 ಕೆಜಿಗೆ 1ರಿಂದ 2 ಕೆಜಿ ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ ಚಿಮುಕಿಸಿ, ಪದರ ಪದರವಾಗಿ ತುಳಿಯಿರಿ. ಟಗರು ಇಪ್ಪತ್ತರಷ್ಟೇ ಇದ್ದರೆ ಗುಂಡಿಯ ಗೊಡವೆ ಬೇಡ, ಒಳಚೀಲವಿರುವ 50 ಕೆಜಿ ಚೀಲಗಳೇ ಸಾಕು. ಬಿಚ್ಚಿದ ಚೀಲ ಎರಡು ದಿನದಲ್ಲಿ ಮುಗಿಯುವಂತಿರಬೇಕು. ಇಲಿ ಕಡಿದ ತೂತಿಗೆ ಅದೇ ದಿನ ಟೇಪು ಅಂಟಿಸಿ. 45 ದಿನದ ಮೇಲೆ ಬಿಚ್ಚಿದಾಗ ಹುಳಿವಾಸನೆ, ಹಳದಿ-ಹಸಿರು ಬಣ್ಣ ಇದ್ದರೆ ಸರಿ. ಕೊಳೆತ ಬೆಣ್ಣೆಯ ನಾತ ಬಂದರೆ ಇಡೀ ಚೀಲ ತಿಪ್ಪೆಗೆ.

ಬರೀ ರಸಮೇವಿನಿಂದ ಟಗರು ತೂಕ ಹಾಕದು. ಅದರಲ್ಲಿ ಪ್ರೋಟೀನ್ ಸಾಲದು. 25 ಕೆಜಿಯ ಟಗರಿಗೆ ದಿನಕ್ಕೆ ರಸಮೇವು ಒಂದೂಕಾಲು ಕೆಜಿ, ಶೇಂಗಾ ಬಳ್ಳಿಯ ಹೊಟ್ಟು 200 ಗ್ರಾಂ, ಕಾಳಿನ ಮಿಶ್ರಣ 350 ಗ್ರಾಂ ಕೊಡಿ. 10 ಕೆಜಿ ಮಿಶ್ರಣಕ್ಕೆ ಗೋವಿನಜೋಳದ ನುಚ್ಚು 5 ಕೆಜಿ, ಶೇಂಗಾ ಹಿಂಡಿ 3 ಕೆಜಿ, ಗೋಧಿ ಬೂಸಾ 1.7 ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಅಗ್ಗಕ್ಕೆ ಸಿಕ್ಕರೂ ಬೇಡ.

ಈ ಪ್ರಮಾಣಕ್ಕೆ ಮುಟ್ಟಲು ಎರಡು ವಾರ ತೆಗೆದುಕೊಳ್ಳಿ. ಕಾಳು ಒಮ್ಮೆಲೇ ಏರಿಸಿದರೆ ಹೊಟ್ಟೆ ಹುಳಿಯಾಗುತ್ತದೆ, ಕರುಳಲ್ಲಿ ವಿಷ ಕೂಡುವ ಕರುಳುಬೇನೆಗೂ ದಾರಿಯಾಗುತ್ತದೆ. ಕರುಳುಬೇನೆಯ ಲಸಿಕೆ ಮೊದಲೇ ಆಗಿರಬೇಕು. ಖನಿಜ ಮಿಶ್ರಣ ಕುರಿಯದ್ದೇ ಆಗಲಿ. ದನದ್ದರಲ್ಲಿ ತಾಮ್ರ ಹೆಚ್ಚಿರುತ್ತದೆ, ಅದು ಕುರಿಯ ಪಿತ್ತಜನಕಾಂಗದಲ್ಲಿ ಕೂಡುತ್ತ ಹೋಗಿ ಒಂದು ದಿನ ಏಕಾಏಕಿ ಕೊಲ್ಲುತ್ತದೆ.