ಒಂದೇ ಬ್ಯಾಂಡಿಗೆ ಇಷ್ಟೊಂದು ‘ಗ್ರೇಟೆಸ್ಟ್ ಹಿಟ್ಸ್’ ಯಾಕೆ?

ಓದುಗರ ಪ್ರಶ್ನೆ: ಹಳೆಯ ಇಂಗ್ಲಿಷ್ ಬ್ಯಾಂಡ್‌ಗಳ ಹಾಡು ಕೇಳೋಣ ಅಂತ ಹುಡುಕಿದರೆ ‘ಗ್ರೇಟೆಸ್ಟ್ ಹಿಟ್ಸ್’, ‘ಬೆಸ್ಟ್ ಆಫ್’, ‘ಎಸೆನ್ಷಿಯಲ್’, ‘ಗೋಲ್ಡ್’ ಅಂತ ಸಾಲುಸಾಲಾಗಿ ಆಲ್ಬಮ್‌ಗಳು ಬರುತ್ತವೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಅವೇ ಹಾಡುಗಳು. ಇಷ್ಟೊಂದು ಯಾಕೆ ಮಾಡುತ್ತಾರೆ? ಹೊಸದಾಗಿ ಕೇಳುವವರು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಹಿಟ್ಸ್ ಆಲ್ಬಮ್ ಮಾಡುವವರು ಎಷ್ಟೋ ಸಲ ಹಾಡಿದವರಲ್ಲ. ರೆಕಾರ್ಡಿಂಗ್ ಯಾರ ಸ್ವತ್ತೋ ಅವರು ಮಾಡುತ್ತಾರೆ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಸ್ಟುಡಿಯೋದಲ್ಲಿ ಹಾಡಿ ಮುಗಿಸಿದ ಮೂಲ ರೆಕಾರ್ಡಿಂಗಿಗೆ ಈ ಉದ್ಯಮದಲ್ಲಿ ಮಾಸ್ಟರ್ ಅನ್ನುತ್ತಾರೆ. ಹಳೆಯ ಒಪ್ಪಂದಗಳಲ್ಲಿ ಮಾಸ್ಟರ್ ಸಾಮಾನ್ಯವಾಗಿ ಕಂಪನಿಯದು. ಗಾಯಕರು ನಾಳೆ ಬೇರೆ ಕಂಪನಿಗೆ ಹೋದರೂ ಅವರ ಹಳೆಯ ಹಾಡುಗಳು ಮೊದಲಿನ ಕಂಪನಿಯಲ್ಲೇ ಉಳಿಯುತ್ತವೆ. ಮೂರು ಕಂಪನಿ ಬದಲಾಯಿಸಿದವರ ಹಾಡುಗಳು ಮೂರು ಕಡೆ ಹಂಚಿಹೋಗಿರುತ್ತವೆ. ಪ್ರತಿ ಕಂಪನಿಯೂ ತನ್ನ ಪಾಲಿನ ಹಾಡುಗಳನ್ನು ಬೇಕಾದಾಗ ಬೇಕಾದ ಹಾಗೆ ಜೋಡಿಸಿ ಮಾರಬಹುದು.

ರೋಲಿಂಗ್ ಸ್ಟೋನ್ಸ್ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 1960ರ ದಶಕದ ಕೊನೆಯಲ್ಲಿ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಅಲೆನ್ ಕ್ಲೈನ್. ಬ್ಯಾಂಡ್ ಅವನನ್ನು ಬಿಟ್ಟು ತನ್ನದೇ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಶುರು ಮಾಡಿತು. ಆದರೆ 60ರ ದಶಕದ ಮಾಸ್ಟರ್‌ಗಳು ಕ್ಲೈನ್‌ನ ಆ್ಯಬ್ಕೋ ಕಂಪನಿಯಲ್ಲೇ ಉಳಿದವು. 1971ರಲ್ಲಿ ಆ ಹಾಡುಗಳನ್ನು ಸೇರಿಸಿ ‘ಹಾಟ್ ರಾಕ್ಸ್’ ಬಂತು, ಭಾರೀ ಮಾರಾಟವಾಯಿತು. ಅತ್ತ ಬ್ಯಾಂಡಿನ ಕಡೆಯಿಂದ ಬಂದ ಸಂಕಲನಗಳಲ್ಲಿ 1971ರಿಂದ ಈಚಿನ ಹಾಡುಗಳು. 1993ರ ‘ಜಂಪ್ ಬ್ಯಾಕ್’ ಅಂಥದ್ದು. ಎರಡೂ ಕಡೆಯ ಹಾಡುಗಳು ಒಂದೇ ಆಲ್ಬಮ್‌ನಲ್ಲಿ ಸೇರಲು 2002ರ ‘ಫೋರ್ಟಿ ಲಿಕ್ಸ್’ ತನಕ ಕಾಯಬೇಕಾಯಿತು. ಅಂದರೆ ಮೂವತ್ತು ವರ್ಷಗಳ ಕಾಲ, ಈ ಬ್ಯಾಂಡಿನ ಒಳ್ಳೆಯ ಹಾಡುಗಳನ್ನೆಲ್ಲ ಒಟ್ಟಿಗೆ ಕೊಡಿ ಅಂತ ಯಾರಾದರೂ ಕೇಳಿದ್ದರೆ ಅಂಥದ್ದೊಂದು ಆಲ್ಬಮ್ ಇರಲೇ ಇಲ್ಲ. ಅಭಿಮಾನಿಗಳು ಎರಡೆರಡು ಕೊಂಡರು.

ಪಿಂಕ್ ಫ್ಲಾಯ್ಡ್‌ನವರ ಪರಿಸ್ಥಿತಿ ಇನ್ನೂ ವಿಚಿತ್ರ. 1981ರಲ್ಲಿ ಕೊಲಂಬಿಯಾ ಕಂಪನಿ ಅವರ ಸಂಕಲನವೊಂದನ್ನು ತರಲು ಹೊರಟಿತು. ಅದರಲ್ಲಿ ‘ಮನಿ’ ಹಾಡು ಬೇಕಿತ್ತು. ಅಮೆರಿಕದಲ್ಲಿ ಆ ಹಾಡಿನ ಹಕ್ಕು ಹಳೆಯ ಕಂಪನಿಯಾದ ಕ್ಯಾಪಿಟಲ್ ಹತ್ತಿರ ಇತ್ತು, ಅವರು ಕೊಡಲಿಲ್ಲ. ಕೊನೆಗೆ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಸ್ಟುಡಿಯೋಗೆ ಹೋಗಿ, ಹೆಚ್ಚಿನ ವಾದ್ಯಗಳನ್ನು ತಾವೇ ನುಡಿಸಿ, ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು. ತಾವೇ ಮಾಡಿದ ಹಾಡನ್ನು ತಮ್ಮದೇ ಸಂಕಲನಕ್ಕೆ ಹಾಕಲು ಅದರ ನಕಲು ಮಾಡಬೇಕಾಯಿತು! ಒಬ್ಬ ಕಲಾವಿದನಿಗೆ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿದೆಯಾ?

ಕಲಾವಿದರು ಹೊರಟುಹೋದ ಮೇಲೆ, ಅವರ ಹೊಸ ಯಶಸ್ಸು ನೋಡಿ ಹಳೆಯ ಕಂಪನಿ ಸಂಕಲನ ತರುವುದೂ ಉಂಟು. ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಇಎಂಐ ಬಿಟ್ಟು ವಾರ್ನರ್‌ಗೆ ಹೋಗಿ 1991ರಲ್ಲಿ ದೊಡ್ಡ ಹೆಸರು ಮಾಡಿದರು. ಮರುವರ್ಷವೇ ಇಎಂಐನಿಂದ ಅವರ ಹಳೆಯ ಹಾಡುಗಳ ಸಂಕಲನ ಬಂತು. ರೇಡಿಯೊಹೆಡ್ 2007ರಲ್ಲಿ ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮ ಆಲ್ಬಮ್ಮನ್ನು ನೇರವಾಗಿ ಇಂಟರ್ನೆಟ್‌ನಲ್ಲಿ ಬಿಟ್ಟರು. 2008ರಲ್ಲಿ ಇಎಂಐ ಅವರ ‘ಬೆಸ್ಟ್ ಆಫ್’ ತಂದಿತು. ಅದರಲ್ಲಿ ಬ್ಯಾಂಡಿನ ಕೈ ಇರಲಿಲ್ಲ.

ಕಂಪನಿಗಳಿಗೆ ಇದರ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ ಖರ್ಚು ಕಡಿಮೆ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಬಳ, ಪ್ರಚಾರ ಎಲ್ಲ ಹಿಂದೆಯೇ ಆಗಿಹೋಗಿದೆ. ಹಾಡು ಗೆಲ್ಲುತ್ತೋ ಇಲ್ಲವೋ ಅನ್ನುವ ಭಯವೂ ಇಲ್ಲ, ಅದು ಆಗಲೇ ಗೆದ್ದಿದೆ. ಈ ಗುಟ್ಟು ಗೊತ್ತಾಗಿದ್ದು 1958ರಲ್ಲಿ. ಅಮೆರಿಕದ ಗಾಯಕ ಜಾನಿ ಮ್ಯಾಥಿಸ್ ಹೊಸ ರೆಕಾರ್ಡಿಂಗ್‌ಗೆ ಸಿಗುವ ಹಾಗಿರಲಿಲ್ಲ. ಕೊಲಂಬಿಯಾ ಕಂಪನಿಯ ಮಿಚ್ ಮಿಲ್ಲರ್, ಮ್ಯಾಥಿಸ್‌ರ ಬಿಡಿ ಹಾಡುಗಳನ್ನು ಒಟ್ಟು ಮಾಡಿ ಆ ಮಾರ್ಚ್‌ನಲ್ಲಿ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಅಂತ ಹೊರತಂದರು. ಖಾಲಿ ಜಾಗ ತುಂಬಲು ಮಾಡಿದ ಆಲ್ಬಮ್ ಅದು. ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಸತತ 490 ವಾರ ಉಳಿಯಿತು, ಒಂಬತ್ತು ವರ್ಷಕ್ಕೂ ಮಿಕ್ಕಿ. ಅಷ್ಟು ದೊಡ್ಡ ಲಾಭ ಕಂಡ ಮೇಲೆ ಯಾವ ಕಂಪನಿ ಸುಮ್ನೆ ಕೂರುತ್ತದೆ?

ಈಗಲ್ಸ್ ಬ್ಯಾಂಡ್ ನಾಲ್ಕೇ ಆಲ್ಬಮ್ ಮಾಡಿದ್ದಾಗ, 1976ರ ಫೆಬ್ರವರಿಯಲ್ಲಿ, ಅವರ ಗ್ರೇಟೆಸ್ಟ್ ಹಿಟ್ಸ್ ಬಂತು. ಅವರ ಅತಿ ಪ್ರಸಿದ್ಧ ಹಾಡು ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿಲ್ಲ, ಯಾಕೆಂದರೆ ಅದು ಆಗಿನ್ನೂ ಬಂದೇ ಇರಲಿಲ್ಲ! ಹಾಗಾಗಿ 1982ರಲ್ಲಿ ಎರಡನೇ ಭಾಗ, 2003ರಲ್ಲಿ ಎರಡನ್ನೂ ಸೇರಿಸಿದ ಇನ್ನೊಂದು. ಸಂಕಲನಗಳು ಮರಿ ಹಾಕುವುದು ಹೀಗೆ. ಆ ಮೊದಲನೆಯದಕ್ಕೆ 2018ರಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ 38 ಪ್ಲಾಟಿನಂ ಮನ್ನಣೆ ಕೊಟ್ಟಿತು. ಅಂದರೆ ಆ ಒಂದೇ ದೇಶದಲ್ಲಿ 3.8 ಕೋಟಿ ಪ್ರತಿಗಳ ಲೆಕ್ಕ.

ಸಿಡಿ ಕಾಲದಲ್ಲಿ ಇದು ಕೈಮೀರಿತು. ಹಳೆಯ ದೊಡ್ಡ ತಟ್ಟೆ ರೆಕಾರ್ಡ್ ಆದ ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಸುತ್ತಿತ್ತು. ಸಿಡಿಯಲ್ಲಿ 74 ನಿಮಿಷ ಬಂತು. ಕಂಪನಿಗಳು ಒಂದನ್ನೊಂದು ಕೊಂಡು ದೊಡ್ಡದಾದವು, ಅದರ ಜೊತೆ ಸಾವಿರಾರು ಹಳೆಯ ಮಾಸ್ಟರ್‌ಗಳು ಒಂದೇ ಕಪಾಟಿಗೆ ಬಂದವು. ಯೂನಿವರ್ಸಲ್ 1999ರಲ್ಲಿ ‘ಮಿಲೇನಿಯಂ ಕಲೆಕ್ಷನ್’ ಅನ್ನುವ ಮಾಲಿಕೆ ಶುರು ಮಾಡಿತು. ಕಲಾವಿದರ ಹೆಸರು ಬದಲಾದರೂ ಮುಖಪುಟದ ಅಚ್ಚು ಒಂದೇ. ಸೋನಿಯದು ‘ಎಸೆನ್ಷಿಯಲ್’ ಮಾಲಿಕೆ. ಇಂಥವುಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು: ಯಾರೋ ಕೂತು ಕೇಳಿ, ಯೋಚನೆ ಮಾಡಿ, ಹಾಡುಗಳನ್ನು ಆರಿಸಿದ್ದಾರೆ ಅಂತ ಅನಿಸುವುದೇ ಇಲ್ಲ.

ಒಂದೆರಡು ಹೊಸ ಹಾಡು ಸೇರಿಸುವ ಪದ್ಧತಿಯೂ ಇದೆ. ಟಾಮ್ ಪೆಟಿಯ 1993ರ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಹೊಸದಾಗಿ ಬಂದ ಒಂದು ಹಾಡು ಅವರ ದೊಡ್ಡ ಹಿಟ್‌ಗಳ ಸಾಲಿಗೇ ಸೇರಿತು. ಹಾಡು ನಿಜವಾಗಿ ಚೆನ್ನಾಗಿದೆ. ಆದರೆ ಅವರ ಎಲ್ಲ ಆಲ್ಬಮ್ ಮೊದಲೇ ಕೊಂಡಿದ್ದ ಅಭಿಮಾನಿ ಆ ಒಂದಕ್ಕಾಗಿ ಹಳೆಯದನ್ನೆಲ್ಲ ಮತ್ತೆ ಕೊಳ್ಳಬೇಕಾಯಿತು. ಜಾಸ್ತಿ ಪ್ರೀತಿ ಇದ್ದವರಿಗೇ ಜಾಸ್ತಿ ಖರ್ಚು. ಇದು ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ದುಡ್ಡಿನ ಮಾತು ಇರಲಿ. ಇದಕ್ಕಿಂತ ದೊಡ್ಡ ನಷ್ಟ ಕಲಾವಿದರ ಚಿತ್ರ ಬದಲಾಗುವುದು. ಜಮೈಕಾದ ಗಾಯಕ ಬಾಬ್ ಮಾರ್ಲಿ ತೀರಿಕೊಂಡಿದ್ದು 1981ರಲ್ಲಿ. 1984ರಲ್ಲಿ ಅವರ ಹಾಡುಗಳ ಸಂಕಲನ ‘ಲೆಜೆಂಡ್’ ಬಂತು. ಜಗತ್ತಿನ ಬಹುಪಾಲು ಜನರಿಗೆ ಮಾರ್ಲಿ ಅಂದರೆ ಆ 14 ಹಾಡುಗಳೇ. ಅದರಲ್ಲಿ ಐದು ಹಾಡು ‘ಎಕ್ಸೋಡಸ್’ ಅನ್ನುವ ಒಂದೇ ಆಲ್ಬಮ್‌ನವು. 1979ರ ‘ಸರ್ವೈವಲ್’ನಿಂದ ಒಂದೂ ಇಲ್ಲ. ಆ ಆಲ್ಬಮ್‌ನಲ್ಲಿ ಅವರು ಆಫ್ರಿಕಾದ ಬಿಡುಗಡೆಯ ಬಗ್ಗೆ, ಅಲ್ಲಿನ ಜನ ಒಂದಾಗುವ ಬಗ್ಗೆ ಕಟುವಾಗಿ ಹಾಡಿದ್ದಾರೆ. ಅದರಲ್ಲಿರುವ ‘ಜಿಂಬಾಬ್ವೆ’ ಹಾಡನ್ನು 1980ರ ಏಪ್ರಿಲ್‌ನಲ್ಲಿ ಆ ದೇಶದ ಸ್ವಾತಂತ್ರ್ಯೋತ್ಸವದಲ್ಲೇ ಹಾಡಿದರು. ಒಂದು ದೇಶ ಹುಟ್ಟುವಾಗ ವೇದಿಕೆಯಲ್ಲಿದ್ದ ಹಾಡುಗಾರ! ‘ಲೆಜೆಂಡ್’ನಲ್ಲಿ ಹೋರಾಟದ ಹಾಡು ಇಲ್ಲವೇ ಇಲ್ಲ ಅಂತಲ್ಲ, ಇವೆ. ಆದರೆ ಪ್ರೀತಿ, ಸಮಾಧಾನದ ಹಾಡುಗಳೇ ತುಂಬಿವೆ. ಅದೊಂದನ್ನೇ ಕೇಳಿದವರಿಗೆ ಮಾರ್ಲಿಯ ಸಿಟ್ಟು ಗೊತ್ತಾಗುವುದೇ ಇಲ್ಲ. ಆ ಸಿಟ್ಟು ಗೊತ್ತಿಲ್ಲದಿದ್ದರೆ ಆ ಸಮಾಧಾನದ ಬೆಲೆಯೂ ಪೂರ್ತಿ ತಿಳಿಯದು ಅಲ್ವಾ?

ಹಾಗಂತ ಸಂಕಲನಗಳೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ರಾಕ್ ಬ್ಯಾಂಡ್‌ಗಳ ಮೊದಲ ದಿನಗಳಲ್ಲಿ ಒಂದೊಂದೇ ಹಾಡಿನ ಸಿಂಗಲ್ ರೆಕಾರ್ಡ್‌ಗಳೇ ಮುಖ್ಯವಾಗಿದ್ದವು. ಬೀಟಲ್ಸ್‌ನವರ ಎಷ್ಟೋ ಸಿಂಗಲ್‌ಗಳು ಬ್ರಿಟನ್ನಿನಲ್ಲಿ ಅವರ ಯಾವ ಸ್ಟುಡಿಯೋ ಆಲ್ಬಮ್‌ನಲ್ಲೂ ಇಲ್ಲ. ಅವನ್ನು ಹುಡುಕಬೇಕಾದರೆ ಸಂಕಲನಕ್ಕೇ ಬರಬೇಕು. 1973ರಲ್ಲಿ ಬಂದ ಕೆಂಪು ಮತ್ತು ನೀಲಿ ಮುಖಪುಟದ ಅವರ ಎರಡು ಜೋಡಿ ಎಲ್‌ಪಿಗಳು ನನ್ನ ಮಟ್ಟಿಗೆ ಈ ಬಗೆಯ ಕೆಲಸದಲ್ಲಿ ಅತ್ಯುತ್ತಮ. ಹಾಡುಗಳು ಕಾಲದ ಕ್ರಮದಲ್ಲಿವೆ. ಎಂಟು ವರ್ಷಗಳಲ್ಲಿ ನಾಲ್ಕು ಹುಡುಗರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಕಿವಿಗೇ ತಿಳಿಯುತ್ತದೆ. ಆ್ಯಬಾ ತಂಡದ್ದೂ ಅಷ್ಟೇ. 1992ರ ‘ಆ್ಯಬಾ ಗೋಲ್ಡ್’ ಬರುವಾಗ ತಂಡ ಮೌನವಾಗಿ ಹತ್ತು ವರ್ಷ ಆಗಿತ್ತು. ಆ ಆಲ್ಬಮ್ ಅವರಿಗೆ ಹೊಸ ತಲೆಮಾರಿನ ಕೇಳುಗರನ್ನೇ ತಂದುಕೊಟ್ಟಿತು.

ಸ್ಟ್ರೀಮಿಂಗ್ ಬಂದ ಮೇಲೆ ಇವೆಲ್ಲ ಮುಗಿಯುತ್ತವೆ ಅಂತ ಅನೇಕರು ಅಂದುಕೊಂಡಿದ್ದರು. ಪ್ಲೇಲಿಸ್ಟ್ ನಾವೇ ಮಾಡಿಕೊಳ್ಳಬಹುದಲ್ಲ. ಹೊಸ ಸಂಕಲನಗಳ ಹಾವಳಿ ಸ್ವಲ್ಪ ಇಳಿದಿದೆ ನಿಜ, ಹಳೆಯವು ಮಾತ್ರ ಗಟ್ಟಿಯಾಗಿ ಕೂತಿವೆ. ಅಮೆರಿಕದ ಆಲ್ಬಮ್ ಪಟ್ಟಿ 2014ರ ಡಿಸೆಂಬರ್‌ನಿಂದ, ಬ್ರಿಟನ್ನಿನದು 2015ರಿಂದ ಸ್ಟ್ರೀಮಿಂಗನ್ನೂ ಲೆಕ್ಕಕ್ಕೆ ಹಿಡಿಯುತ್ತಿವೆ. ಜನ ಜಾಸ್ತಿ ಕೇಳುವ ಹಾಡುಗಳೆಲ್ಲ ಒಂದೇ ಕಡೆ ಇರುವುದು ಹಿಟ್ಸ್ ಆಲ್ಬಮ್‌ನಲ್ಲಿ ತಾನೆ? 2021ರಲ್ಲಿ ‘ಆ್ಯಬಾ ಗೋಲ್ಡ್’ ಬ್ರಿಟನ್ನಿನ ಪಟ್ಟಿಯಲ್ಲಿ 1000 ವಾರ ಮುಟ್ಟಿತು. ಬೇರೆ ಯಾವ ಆಲ್ಬಮ್ಮೂ ಅದಕ್ಕೆ ಮೊದಲು ಅಲ್ಲಿಗೆ ಮುಟ್ಟಿರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಮೊದಲು ನೋಡಬೇಕಾದ್ದು ಅದು ಮೂಲ ರೆಕಾರ್ಡಿಂಗಾ ಅಂತ. ಮಾಸ್ಟರ್ ಕೈಯಲ್ಲಿಲ್ಲದ ಹಳೆಯ ಗಾಯಕರು ವಯಸ್ಸಾದ ಮೇಲೆ ತಮ್ಮ ಹಿಟ್‌ಗಳನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಿರುತ್ತಾರೆ. ಆ್ಯಪ್‌ಗಳಲ್ಲಿ ಅಂಥವು ಬೇಕಾದಷ್ಟಿವೆ. ‘ರೀ-ರೆಕಾರ್ಡೆಡ್’ ಅಂತ ಹಾಡಿನ ಹೆಸರಿನ ಪಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಹಾಡು ಮೊದಲು ಬಂದ ವರ್ಷ, ಆಲ್ಬಮ್ ತಂದ ಕಂಪನಿ ಎರಡನ್ನೂ ನೋಡಿದರೆ ಹೆಚ್ಚಿನಂಶ ಗೊತ್ತಾಗುತ್ತದೆ. ಆಮೇಲೆ ಆ ಸಂಕಲನ ಯಾವ ವರ್ಷದಿಂದ ಯಾವ ವರ್ಷದವರೆಗಿನ ಹಾಡುಗಳದು ಅಂತ ನೋಡಿ. ನಡುವೆ ಐದಾರು ವರ್ಷ ಖಾಲಿ ಇದ್ದರೆ ಆ ಹಾಡುಗಳು ಬೇರೆ ಕಂಪನಿಯ ಹತ್ತಿರ ಇರುವ ಸಾಧ್ಯತೆ ಜಾಸ್ತಿ.

ಒಂದೇ ಒಂದು ಸಂಕಲನ ಸಾಕು. ಅದರಲ್ಲಿ ತುಂಬಾ ಹಿಡಿಸಿದ ಹಾಡು ಯಾವುದೋ ನೋಡಿಕೊಳ್ಳಿ, ಅದು ಮೊದಲು ಯಾವ ಆಲ್ಬಮ್‌ನಲ್ಲಿ ಬಂತು ಅಂತ ಹುಡುಕಿ, ಆ ಆಲ್ಬಮ್ಮನ್ನು ಮೊದಲಿಂದ ಕೊನೆಯ ತನಕ ಕೇಳಿ. ಮಾರ್ಲಿಯಿಂದ ಶುರು ಮಾಡುವುದಾದರೆ ‘ಲೆಜೆಂಡ್’ ಮುಗಿದ ಕೂಡಲೇ ‘ಸರ್ವೈವಲ್’ ಹಾಕಿ.