ಕರೆಂಟ್ ಹೋದ ಸ್ವಿಚ್ ಸುದ್ದಿ ಕಳಿಸುವುದಿಲ್ಲ

ಕಲಬುರಗಿಯಲ್ಲಿ ಮುಖ್ಯ ಕಚೇರಿ. ಸೇಡಂ, ಆಳಂದ, ಜೇವರ್ಗಿಯಲ್ಲಿ ಶಾಖೆಗಳಿರುವ ಒಂದು ಸಹಕಾರ ಸಂಘ ಎಂದುಕೊಳ್ಳಿ. ಸೇಡಂ ಶಾಖೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೆಟ್ಟದ್ದು ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ಕೌಂಟರಿನ ಮುಂದೆ ನಿಂತ ಗ್ರಾಹಕರಿಗೆ. ಅವರಿಗಿಂತ ಮುಂಚೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ತಿಳಿಸಬಲ್ಲದ್ದು 1988ರಿಂದ ಬಳಕೆಯಲ್ಲಿರುವ ಎಸ್‌ಎನ್‌ಎಂಪಿ, ಅಂದರೆ ನೆಟ್‌ವರ್ಕ್ ಸಾಧನಗಳ ಸ್ಥಿತಿಗತಿ ತಿಳಿಯುವ ಸಂವಹನ ನಿಯಮಾವಳಿ.

ಸಾಧನ ತಾನಾಗಿ ಕಳಿಸುವ ಎಚ್ಚರಿಕೆ ಟ್ರ್ಯಾಪ್. ಅದು ಯುಡಿಪಿ ಎಂಬ, ತಲುಪಿದ್ದಕ್ಕೆ ರಸೀದಿ ಕೇಳದ ರವಾನೆ ವಿಧಾನದಲ್ಲಿ ನಮ್ಮ ಮಾನಿಟರಿಂಗ್ ಕಂಪ್ಯೂಟರಿನ 162ನೇ ಪೋರ್ಟಿಗೆ, ಅಂದರೆ ಸಂದೇಶ ಇಳಿಯುವ ಆ ಸಂಖ್ಯೆಯ ಬಾಗಿಲಿಗೆ, ಬರುತ್ತದೆ. ನಾವೇ ವಿಚಾರಿಸುವುದು ಪೋಲಿಂಗ್. ಅದು ಸಾಧನದ 161ನೇ ಪೋರ್ಟಿಗೆ ಹೋಗುತ್ತದೆ. ಟ್ರ್ಯಾಪ್ ಒಂದನ್ನೇ ನೆಚ್ಚಿ ಕೂರಬಾರದು. ಅದು ತಲುಪಿತೋ ಇಲ್ಲವೋ ಎಂಬ ಖಾತ್ರಿ ಕಳಿಸಿದವರಿಗೂ ಇರುವುದಿಲ್ಲ. ರೂಟರ್ ಯುಪಿಎಸ್ ಮೇಲಿದ್ದು, ಫೈಬರ್ ಮೋಡೆಮ್ಮಿನ ಅಡಾಪ್ಟರನ್ನು ಯಾರೋ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮುಗಿಯಿತು: ಕರೆಂಟ್ ಹೋದೊಡನೆ ದಾರಿಯೇ ಇಲ್ಲ, ಟ್ರ್ಯಾಪ್ ಹೊರಡುವುದೆಲ್ಲಿಗೆ? ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ, ಉತ್ತರ ಬಾರದಿರುವುದೇ ಸುದ್ದಿ. ಆದರೆ ಯುಡಿಪಿ ಪ್ಯಾಕೆಟ್ ಆಗೀಗ ಕಳೆದುಹೋಗುವುದೂ ಉಂಟು. ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಮಾತ್ರ ಅಲಾರಂ ಬಾರಿಸುವಂತೆ ಇಡಿ.

ಟ್ರಾಫಿಕ್ ಲೆಕ್ಕದಲ್ಲಿ ಇನ್ನೊಂದು ಮೋಸವಿದೆ. ಸಾಧನದಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ವೇಗವನ್ನು ಹೇಳುವುದಿಲ್ಲ, ಈವರೆಗೆ ಎಷ್ಟು ಬೈಟ್ ಹರಿಯಿತು ಎಂದಷ್ಟೇ ಹೇಳುತ್ತದೆ. ಜೆಸ್ಕಾಂನ ವಿದ್ಯುತ್ ಮೀಟರ್ ರೀಡಿಂಗಿನಂತೆ ಹಿಂದಿನ ಅಂಕಿಯನ್ನು ನಾವೇ ಕಳೆಯಬೇಕು. 300 ಸೆಕೆಂಡಿನಲ್ಲಿ 15 ಕೋಟಿ ಬೈಟ್ ಹೆಚ್ಚಾಗಿದ್ದರೆ, 8ರಿಂದ ಗುಣಿಸಿ 300ರಿಂದ ಭಾಗಿಸಿ: ಸೆಕೆಂಡಿಗೆ 40 ಲಕ್ಷ ಬಿಟ್, ಅಂದರೆ 4 ಎಂಬಿಪಿಎಸ್. ಹಳೆಯ 32 ಬಿಟ್ ಮೀಟರ್ 429 ಕೋಟಿ ಚಿಲ್ಲರೆ ಬೈಟ್ ಆದಮೇಲೆ ಸೊನ್ನೆಗೆ ಮರಳುತ್ತದೆ. ತುಂಬಿ ಹರಿಯುವ 1 ಜಿಬಿಪಿಎಸ್ ಲಿಂಕಿನಲ್ಲಿ ಅದಕ್ಕೆ ಸುಮಾರು 34 ಸೆಕೆಂಡ್ ಸಾಕು. ಎರಡು ರೀಡಿಂಗುಗಳ ನಡುವೆ ಎಂಟು ಸುತ್ತು! ಗ್ರಾಫ್ ಮಾತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಅದೇ ಅಪಾಯ. 1.3.6.1.2.1.31.1.1.1.6 ಎಂಬ ವಿಳಾಸದಲ್ಲಿ 64 ಬಿಟ್ಟಿನ ಒಳಬರುವ ಲೆಕ್ಕ ಸಿಗುತ್ತದೆ. ಹೊರಹೋಗುವುದಕ್ಕೆ ಕೊನೆಯ ಅಂಕಿ 10. ಇದಕ್ಕೆ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿ ಒಗ್ಗದು.

ಎರಡನೆಯದೂ ಸಾಲದೆನ್ನಿ. ಅದರ ‘ಪಬ್ಲಿಕ್’ ಎಂಬ ಪೂರ್ವನಿಗದಿತ ಗುಪ್ತಪದ ತೆರೆದ ಅಂಚೆ ಕಾರ್ಡಿನಂತೆ ಹೋಗುತ್ತದೆ. ಮೂರನೆಯದರಲ್ಲಿ ದೃಢೀಕರಣ, ಗೂಢಲಿಪಿ ಎರಡನ್ನೂ ಚಾಲೂ ಮಾಡಬೇಕು.

ಯಾವ ಸಾಧನ ಯಾವುದರ ಹಿಂದಿದೆ ಎಂಬುದನ್ನೂ ಮಾನಿಟರಿಂಗ್ ತಂತ್ರಾಂಶಕ್ಕೆ ತಿಳಿಸಿ. ಇಲ್ಲವಾದರೆ ಸೇಡಂ ರೂಟರ್ ಒಂದು ಬಿದ್ದರೂ ಅದರ ಹಿಂದಿನ ಪ್ರಿಂಟರ್, ಕ್ಯಾಮೆರಾಗಳ ಹೆಸರಿನಲ್ಲೆಲ್ಲ ರಾತ್ರಿ ಎರಡಕ್ಕೆ ಫೋನ್ ಗುಂಯ್‌ಗುಡುತ್ತದೆ.