ಆರೈಕೆ ಮಾಡಿ ಬಂದವರನ್ನು ಕೂಡಿಹಾಕುವ ಮುನ್ನ

2014ರ ಅಕ್ಟೋಬರ್ 24ರಂದು, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ರೋಗಿಗಳ ಆರೈಕೆ ಮುಗಿಸಿ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದ ನರ್ಸ್ ಕೇಸಿ ಹಿಕಾಕ್ಸ್ ಅವರನ್ನು ಅಧಿಕಾರಿಗಳು ಗಂಟೆಗಟ್ಟಲೆ ವಿಚಾರಿಸಿ, ಆಸ್ಪತ್ರೆಯೊಂದರ ಆವರಣದ ಟೆಂಟ್‌ನಲ್ಲಿ ಇರಿಸಿದರು. ಹಣೆಗೆ ಹಿಡಿದ ಸ್ಕ್ಯಾನರ್ ಜ್ವರವಿದೆ ಎಂದಿತು, ಬಾಯಲ್ಲಿಟ್ಟ ಥರ್ಮಾಮೀಟರ್ ಇಲ್ಲ ಎಂದಿತು. ರಕ್ತ ಪರೀಕ್ಷೆಯಲ್ಲೂ ಎಬೋಲಾ ಕಾಣಲಿಲ್ಲ. ಆದರೆ ಗಿನಿಯಿಂದ ಮರಳಿದ್ದ ವೈದ್ಯರೊಬ್ಬರಿಗೆ ಹಿಂದಿನ ದಿನವಷ್ಟೇ ನ್ಯೂಯಾರ್ಕ್‌ನಲ್ಲಿ ರೋಗ ದೃಢಪಟ್ಟಿತ್ತು, ಚುನಾವಣೆಯೂ ಹತ್ತಿರವಿತ್ತು. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಗವರ್ನರ್‌ಗಳು ರೋಗಿಗಳ ಸಂಪರ್ಕಕ್ಕೆ ಬಂದವರಿಗೆಲ್ಲ ಕಡ್ಡಾಯ ಕ್ವಾರಂಟೈನ್ ಘೋಷಿಸಿಬಿಟ್ಟರು.

ಆಸ್ಪತ್ರೆಯ ಸೋಂಕು ನಿಯಂತ್ರಣದ ಕೆಲಸದಲ್ಲಿರುವ ನಾವು ಇಂತಲ್ಲಿ ಮೊದಲು ಕೇಳುವುದು, ರೋಗ ಯಾವಾಗ ಹರಡಲು ಶುರುವಾಗುತ್ತದೆ ಎಂಬುದನ್ನು. ಎಬೋಲಾ ಲಕ್ಷಣ ಕಾಣಿಸಿಕೊಳ್ಳುವ ಮೊದಲು ಹರಡುವುದಿಲ್ಲ. ಹಾಗಾಗಿ 21 ದಿನ ತಪ್ಪದೆ ಜ್ವರ ನೋಡುತ್ತಾ, ಬಂದ ಕೂಡಲೇ ಪ್ರತ್ಯೇಕಿಸಿದರೆ ಸಾಕಾಗುತ್ತದೆ. ಕೋವಿಡ್ ಲಕ್ಷಣಕ್ಕಿಂತ ಒಂದೆರಡು ದಿನ ಮೊದಲೇ ಹರಡಬಲ್ಲದಾದ್ದರಿಂದ ಅಲ್ಲಿ ಕ್ವಾರಂಟೈನ್‌ಗೆ ಆಧಾರವಿತ್ತು. ಎರಡಕ್ಕೂ ಒಂದೇ ನಿಯಮ ಹಾಕುವುದು ವೈದ್ಯಕೀಯವೂ ಅಲ್ಲ, ನ್ಯಾಯವೂ ಅಲ್ಲ.

ಹಿಕಾಕ್ಸ್ ಮೇನ್ ರಾಜ್ಯದ ತಮ್ಮ ಮನೆಗೆ ಹೋದ ಮೇಲೂ ಅಲ್ಲಿನ ಸರ್ಕಾರ ಬಿಡಲಿಲ್ಲ. ನ್ಯಾಯಾಧೀಶ ಚಾರ್ಲ್ಸ್ ಲಾವರ್ಡಿಯೇರ್ ಅಕ್ಟೋಬರ್ 31ರಂದು ಅವರನ್ನು ಮನೆಯಲ್ಲೇ ಕೂಡಿಡಲು ಒಪ್ಪದೆ, ನಿತ್ಯದ ತಪಾಸಣೆಗೆ ಸಹಕರಿಸಬೇಕು, ಪ್ರಯಾಣವನ್ನು ಆರೋಗ್ಯ ಇಲಾಖೆಯೊಂದಿಗೆ ಹೊಂದಿಸಿಕೊಳ್ಳಬೇಕು, ಲಕ್ಷಣ ಕಂಡರೆ ತಕ್ಷಣ ಹೇಳಬೇಕು ಎಂದಷ್ಟೇ ಆದೇಶಿಸಿದರು. ಜನರ ಭಯ ಪೂರ್ತಿ ತರ್ಕಬದ್ಧವಲ್ಲದಿದ್ದರೂ ನಿಜವಾದದ್ದು ಎಂಬುದನ್ನು ಅವರು ಮರೆಯಲಿಲ್ಲ. ಆ ಭಯಕ್ಕೆ ಬೀಗದ ಕೈಯನ್ನೂ ಕೊಡಲಿಲ್ಲ.

ನಮ್ಮಲ್ಲಿ ಕ್ವಾರಂಟೈನ್‌ಗೆ ಕಾನೂನಿನ ಆಧಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ, ಮೀರಿದವರಿಗೆ ಶಿಕ್ಷೆ ಹೇಳುತ್ತದೆ, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಗೆ ರಕ್ಷಣೆ ಕೊಡುತ್ತದೆ. ಕೂಡಿಹಾಕಲ್ಪಟ್ಟವರು ಯಾರ ಬಳಿ ಮೇಲ್ಮನವಿ ಸಲ್ಲಿಸಬೇಕೆಂಬ ಬಗ್ಗೆ ಒಂದು ಮಾತೂ ಇಲ್ಲ. 2020ರ ತಿದ್ದುಪಡಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ತಂದಿತು, ಈ ಕೊರತೆಯನ್ನು ಹಾಗೆಯೇ ಉಳಿಸಿತು.

ಇದೇ ಪ್ರಶ್ನೆ 2020ರಲ್ಲಿ ಇಲ್ಲಿ ತಿರುವುಮುರುವಾಗಿ ಬಂತು. ಹೆಚ್ಚು ಅಪಾಯದ ಸಂಪರ್ಕವಿಲ್ಲದ ಸಿಬ್ಬಂದಿಗೆ ಕ್ವಾರಂಟೈನ್ ಬೇಕಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಮೇ ತಿಂಗಳಲ್ಲಿ ಹೇಳಿದಾಗ, ಮನೆಯವರಿಗೆ ಸೋಂಕು ತಗುಲೀತೆಂಬ ಆತಂಕ ವೈದ್ಯರದಾಯಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಕ್ವಾರಂಟೈನ್ ಅವಧಿಯನ್ನು ರಜೆಯಾಗಿ ಲೆಕ್ಕಹಾಕಿ ಸಂಬಳ ಕಡಿತ ಮಾಡುವುದನ್ನು ಜುಲೈ 31ರಂದು ನ್ಯಾಯಾಲಯ ಒಪ್ಪಲಿಲ್ಲ. ಸಂಬಳ ಸಕಾಲಕ್ಕೆ ಕೊಡದ ರಾಜ್ಯಗಳ ಪೈಕಿ ಅಂದು ಕರ್ನಾಟಕದ ಹೆಸರೂ ಬಂತೆಂಬುದು ಬೇಸರದ ಸಂಗತಿ.

ನಮ್ಮ ಮಟ್ಟದಲ್ಲಿ ವಿಷಯ ಒಂದು ಸಂಪರ್ಕ ವರದಿಯ ನಮೂನೆಯಲ್ಲಿದೆ. ಮಾಸ್ಕ್ ಜಾರಿತ್ತೇ, ಗ್ಲೌಸ್ ಹರಿದಿತ್ತೇ, ರೋಗಿಯ ಬಳಿ ಎಷ್ಟು ಹೊತ್ತಿದ್ದಿರಿ? ಗುತ್ತಿಗೆ ನರ್ಸ್ ಇದನ್ನು ತುಂಬುವಾಗ ಸಂಬಳದ ಲೆಕ್ಕವೂ ಮನಸ್ಸಿನಲ್ಲಿರುತ್ತದೆ. ಹದಿನಾಲ್ಕು ದಿನದ ಕೂಲಿ ಹೋಗುತ್ತದೆಂದಾದರೆ ‘ಎಲ್ಲಾ ಸರಿಯಿತ್ತು ಸರ್’ ಎಂಬ ಉತ್ತರವೇ ಬರುತ್ತದೆ, ಮಾರನೆಯ ಪಾಳಿಗೆ ಅವರೇ ವಾರ್ಡ್‌ಗೆ ಹೋಗುತ್ತಾರೆ. ಕಾರಣ, ಮುಕ್ತಾಯದ ದಿನಾಂಕ, ಮೇಲ್ಮನವಿಯ ಅಧಿಕಾರಿ, ಪೂರ್ಣ ವೇತನದ ಖಾತರಿ ಇವಿಷ್ಟೂ ಲಿಖಿತವಾಗಿರುವ ಆದೇಶ ಕೈಗೆ ಬಂದರೆ ಆ ನಮೂನೆಯಲ್ಲಿ ನಿಜ ಬರೆಯಲು ಅವರಿಗೆ ಕಾರಣವಿರುತ್ತದೆ.